ಸಿಬಿಡಿ ಎಣ್ಣೆ ತಗೊಳ್ಳೋ ಮುಂಚೆ ಬಾಟಲಿಯ ಲೆಕ್ಕ ನೋಡಿ

ಸಿಬಿಡಿ ಅಂದ್ರೆ ಗಾಂಜಾ ಜಾತಿಯ ಗಿಡದಿಂದ ತೆಗೆಯುವ, ಅಮಲೇರಿಸದ ಅಂಶ. ಅದರ ಎಣ್ಣೆಯ 30 ಮಿ.ಲೀ. ಬಾಟಲಿ, ಮೇಲೆ ‘1000 ಮಿ.ಗ್ರಾಂ’ ಅಂತಿದೆ, ಆತಂಕಕ್ಕೂ ನಿದ್ದೆಗೂ ದಿನಾ ಐದು ಹನಿ ಸಾಕಾ ಅಂತ ಕೇಳಿದ್ದೀರಿ. ಮೊದಲು ಲೆಕ್ಕ ಹಾಕೋಣ. ಒಂದು ಮಿ.ಲೀ.ಗೆ ಸುಮಾರು 33 ಮಿ.ಗ್ರಾಂ ಸಿಬಿಡಿ. ಮಿ.ಲೀ.ಗೆ 20 ಹನಿ ಅಂತ ಹಿಡಿದರೆ ಐದು ಹನಿಗೆ ಎಂಟು ಮಿ.ಗ್ರಾಂ ಚಿಲ್ಲರೆ.

ಸಭೆಯಲ್ಲಿ ಮಾತಾಡುವ ಆತಂಕದ ಮೇಲೆ ನಡೆದ ಕೆಲವು ಪ್ರಯೋಗಗಳಲ್ಲಿ ಪರಿಣಾಮ ಕಂಡಿದ್ದು ಒಂದೇ ಸಲಕ್ಕೆ 300 ಮಿ.ಗ್ರಾಂ ಕೊಟ್ಟಾಗ. ಅಂಥ ಒಂದು ಪ್ರಯೋಗದಲ್ಲಿ 150 ಸಾಲಲಿಲ್ಲ, 600ಕ್ಕೆ ಏರಿಸಿದರೂ ಲಾಭ ಕಾಣಲಿಲ್ಲ. 300 ಬೇಕಂದ್ರೆ ನಿಮ್ಮ ಬಾಟಲಿಯಿಂದ 9 ಮಿ.ಲೀ. ಕುಡೀಬೇಕು, ಮೂರು ಸಲಕ್ಕೆ ಬಾಟಲಿ ಖಾಲಿ. ಹಾಗಾಗಿ ಐದು ಹನಿಯಲ್ಲಿ ಸಿಗೋ ನೆಮ್ಮದಿ ಬಹುಪಾಲು ನಂಬಿಕೆಯದ್ದು ಅಂತಲೇ ನನ್ನ ಅಭಿಪ್ರಾಯ. ನಿದ್ದೆಗೆ, ಕೀಲುನೋವಿಗೆ ಪುರಾವೆ ಇನ್ನೂ ತೆಳು.

ಗಟ್ಟಿ ಪುರಾವೆ ಇರೋದು ಮೂರ್ಛೆರೋಗದ ಕೆಲವು ಕಠಿಣ ರೂಪಗಳಿಗೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಎಪಿಡಿಯೋಲೆಕ್ಸ್’ ಎಂಬ ಸಿಬಿಡಿ ಔಷಧಿಗೆ ಅನುಮತಿ ಕೊಟ್ಟಿತು. ಅದರ ಪ್ರಮಾಣ ದಿನಕ್ಕೆ ಕೆಜಿ ತೂಕಕ್ಕೆ 10ರಿಂದ 25 ಮಿ.ಗ್ರಾಂ, ಅದೂ ವೈದ್ಯರ ನಿಗಾದಲ್ಲಿ, ಲಿವರ್ ಪರೀಕ್ಷೆ ಮಾಡಿಸುತ್ತಾ.

ಆ ನಿಗಾ ಯಾಕಂದ್ರೆ, ಸಿಬಿಡಿ ಬೇರೆ ಮಾತ್ರೆಗಳನ್ನು ಕರಗಿಸುವ ಲಿವರಿನ ಕಿಣ್ವಗಳನ್ನು ತಡೆಯುತ್ತೆ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳೋರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಿ ರಕ್ತಸ್ರಾವದ ಅಪಾಯ. ಮೂರ್ಛೆರೋಗದ ಮಾತ್ರೆ ಕ್ಲೋಬಜಾಮ್ ಜೊತೆ ವಿಪರೀತ ತೂಕಡಿಕೆ. ಅದೇ ರೋಗದ ಇನ್ನೊಂದು ಮಾತ್ರೆ ವ್ಯಾಲ್‌ಪ್ರೊಯೇಟ್ ಜೊತೆ ಲಿವರ್ ಕಿಣ್ವ ಏರೋದು ಹೆಚ್ಚು. ದಯವಿಟ್ಟು ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸದೆ ಶುರು ಮಾಡಬೇಡಿ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಬೇಡವೇ ಬೇಡ.

ಅಷ್ಟಾದ ಮೇಲೂ ನೋಡ್ತೀನಿ ಅಂದ್ರೆ, ಆ ಬ್ಯಾಚ್‌ನದ್ದೇ ಲ್ಯಾಬ್ ವರದಿ ಕೇಳಿ. ಬಾಟಲಿಯ ಬ್ಯಾಚ್ ನಂಬರ್ ವರದಿಯಲ್ಲಿ ಇಲ್ಲದಿದ್ದರೆ ಅದು ಕಾಗದ ಅಷ್ಟೇ. ಸಿಬಿಡಿ ಎಷ್ಟು, ಅಮಲೇರಿಸುವ ಟಿಎಚ್‌ಸಿ ಎಷ್ಟು, ಸೀಸ, ಕ್ಯಾಡ್ಮಿಯಂ, ಕೀಟನಾಶಕ ಇವೆಯಾ ನೋಡಿ. ಗಾಂಜಾ ಜಾತಿಯ ಈ ಗಿಡ ಮಣ್ಣಿನ ಭಾರಲೋಹವನ್ನು ಚೆನ್ನಾಗಿ ಹೀರುತ್ತೆ. 2017ರಲ್ಲಿ ಆನ್‌ಲೈನಿನ 84 ಉತ್ಪನ್ನ ಪರೀಕ್ಷಿಸಿದಾಗ ಲೇಬಲ್ ಸರಿಯಿದ್ದದ್ದು ನೂರಕ್ಕೆ 31ರಷ್ಟು, 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಕೆಲಸಕ್ಕೆ ಮಾದಕವಸ್ತು ಪತ್ತೆಯ ಮೂತ್ರ ಪರೀಕ್ಷೆ ಇದ್ದರೆ ಅಷ್ಟೇ ಸಾಕು ಸಿಕ್ಕಿಬೀಳೋಕೆ. ಈ ಗಿಡದ ಬೀಜದಿಂದ ತೆಗೆಯುವ ‘ಹೆಂಪ್ ಸೀಡ್ ಆಯಿಲ್’ ಬೇರೆ, ಅದರಲ್ಲಿ ಸಿಬಿಡಿ ಇಲ್ಲವೇ ಇಲ್ಲ ಅನ್ನಬಹುದು.

ನುಂಗಿದ ಸಿಬಿಡಿಯಲ್ಲಿ ರಕ್ತಕ್ಕೆ ಸೇರೋದು ಬರೀ ನೂರಕ್ಕೆ ಆರರಷ್ಟು, ಕೊಬ್ಬಿನ ಊಟದ ಜೊತೆ ನಾಲ್ಕೈದು ಪಟ್ಟು ಹೆಚ್ಚುತ್ತೆ. ಇವತ್ತು ಖಾಲಿ ಹೊಟ್ಟೆ, ನಾಳೆ ಊಟದ ಮೇಲೆ ಅಂತ ತಗೊಂಡ್ರೆ ಏನೂ ತಿಳಿಯಲ್ಲ. ಒಂದೇ ಹೊತ್ತು, ಒಂದೇ ರೀತಿ ಇಟ್ಟುಕೊಳ್ಳಿ, ನಿದ್ದೆಯ ಗಂಟೆ ಬರೆದಿಡಿ. ಭೇದಿ, ಹಸಿವು ಇಲ್ಲದಿರೋದು, ಮಂಪರು ಸಾಮಾನ್ಯ. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅವತ್ತೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.