ಕಾಲರಾ ಸೂಕ್ಷ್ಮಾಣು ಕುಡಿದ ಪೆಟೆನ್‌ಕೋಫರ್ ನೈರ್ಮಲ್ಯ ವಿಜ್ಞಾನದ ಆದ್ಯರೇ?

ಪ್ರಶ್ನೆ: ಸೂಕ್ಷ್ಮಾಣುವೊಂದರಿಂದಲೇ ಕಾಲರಾ ಬರುವುದಿಲ್ಲವೆಂದು ಸಾಧಿಸಲು ಜರ್ಮನಿಯ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಆ ಸೂಕ್ಷ್ಮಾಣುಗಳನ್ನೇ ಕುಡಿದರಂತೆ, ಏನೂ ಆಗಲಿಲ್ಲವಂತೆ. ಇದು ನಿಜವೇ? ಇಷ್ಟು ದೊಡ್ಡ ತಪ್ಪು ಮಾಡಿದವರನ್ನು ನೈರ್ಮಲ್ಯ ವಿಜ್ಞಾನದ ಆದ್ಯರೆಂದು ಗೌರವಿಸುವುದು ಸರಿಯೇ?
– ವಿಜ್ಞಾನ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅವರು ಕುಡಿದದ್ದು ನಿಜ. 1892ರ ಅಕ್ಟೋಬರ್ 7ರಂದು, ತಮ್ಮ 73ನೆಯ ವಯಸ್ಸಿನಲ್ಲಿ, ಪೆಟೆನ್‌ಕೋಫರ್ ಮ್ಯೂನಿಕ್‌ನಲ್ಲಿ ಕಾಲರಾ ಸೂಕ್ಷ್ಮಾಣುಗಳನ್ನು ಬೆಳೆಸಿದ್ದ ದ್ರವವನ್ನು ಕುಡಿದರು; ಹೊಟ್ಟೆಯ ಆಮ್ಲವೇ ಅವುಗಳನ್ನು ಕೊಂದಿರಬೇಕೆಂದು ಯಾರೂ ಆಕ್ಷೇಪಿಸದಿರಲೆಂದು ಆಮ್ಲವನ್ನು ತಗ್ಗಿಸುವ ಅಡುಗೆ ಸೋಡಾವನ್ನೂ ಸೇವಿಸಿದರು. ಆದರೆ ಏನೂ ಆಗಲಿಲ್ಲವೆನ್ನುವುದು ಸರಿಯಲ್ಲ. ಅವರಿಗೆ ಭೇದಿಯಾಯಿತು, ಮಲದಲ್ಲಿ ಸೂಕ್ಷ್ಮಾಣುಗಳೂ ಕಂಡವು. ಕೆಲವೇ ದಿನಗಳ ನಂತರ ಇದೇ ಪ್ರಯೋಗಕ್ಕೆ ಒಡ್ಡಿಕೊಂಡ ಅವರ ಶಿಷ್ಯ ರುಡಾಲ್ಫ್ ಎಮ್ಮರಿಶ್ ಇನ್ನೂ ಹೆಚ್ಚು ನರಳಿದರು. ಕಾಲರಾ ಸೋಂಕು ತಗುಲಿದವರಲ್ಲಿ ಬಹುಪಾಲು ಮಂದಿಗೆ ರೋಗ ಲಘುವಾಗಿಯೇ ಇರುತ್ತದೆ ಎಂಬುದು ಇಂದು ಗೊತ್ತಿರುವ ಸಂಗತಿ. ಆದ್ದರಿಂದ ಇಬ್ಬರೂ ಬದುಕುಳಿದದ್ದರಿಂದ ಯಾವ ವಾದವೂ ಸಾಬೀತಾಗಲಿಲ್ಲ.

ರಾಬರ್ಟ್ ಕಾಕ್ ಗುರುತಿಸಿದ ಸೂಕ್ಷ್ಮಾಣುವನ್ನು ಪೆಟೆನ್‌ಕೋಫರ್ ಅಲ್ಲಗಳೆಯಲಿಲ್ಲ. ಅದೊಂದೇ ಸಾಲದು, ಕೊಳೆ ಸೇರಿದ ನೆಲ ಮತ್ತು ಅಂತರ್ಜಲದ ಏರಿಳಿತಗಳು ಕೂಡಿ ಬಂದರೆ ಮಾತ್ರ ಪಿಡುಗು ಹಬ್ಬುತ್ತದೆ, ಕುಡಿಯುವ ನೀರು ಅದಕ್ಕೆ ಕಾರಣವಲ್ಲ ಎಂಬುದು ಅವರ ನಿಲುವು. ಅದೇ 1892ರಲ್ಲಿ ಎಲ್ಬ್ ನದಿಯ ನೀರನ್ನು ಸೋಸದೆ ಪೂರೈಸಿದ ಹ್ಯಾಂಬರ್ಗ್‌ನಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ನೀರಿನ ವಿಷಯದಲ್ಲಿ ಅವರು ಹಿಡಿದ ಹಟ ಅಪಾಯಕಾರಿಯಾಗಿತ್ತು, ಇದನ್ನು ಮೃದುಗೊಳಿಸಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಭಾರತದ ಬ್ರಿಟಿಷ್ ಆರೋಗ್ಯಾಧಿಕಾರಿಗಳ ಮೇಲೂ ಈ ಸಿದ್ಧಾಂತದ ಪ್ರಭಾವ ಬಹುಕಾಲ ಇತ್ತು.

ಆದರೂ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಸರಿ ಎಂದೇ. ನೆಲ ಕೊಳೆಯಾದರೆ ರೋಗ ಹುಟ್ಟುತ್ತದೆಂದು ನಂಬಿದ್ದರಿಂದಲೇ ಅವರು ಮಲದ ಗುಂಡಿಗಳನ್ನು ತೆಗೆಸಿ ಒಳಚರಂಡಿ ಹಾಕಿಸಬೇಕೆಂದು ಮ್ಯೂನಿಕ್ ನಗರವನ್ನು ಬಿಡದೆ ಒತ್ತಾಯಿಸಿದರು. 1873ರ ಉಪನ್ಯಾಸಗಳಲ್ಲಿ ಅವರು ದಯೆಯ ಮಾತನ್ನಷ್ಟೇ ಆಡಲಿಲ್ಲ. ಮ್ಯೂನಿಕ್‌ನಲ್ಲಿ ವರ್ಷಕ್ಕೆ ಸಾವಿರಕ್ಕೆ 33 ಜನ ಸಾಯುತ್ತಿರುವಾಗ ಲಂಡನ್ನಿನಲ್ಲಿ 22 ಜನ ಮಾತ್ರ ಸಾಯುತ್ತಾರೆಂದು ತೋರಿಸಿ, ಕಾಯಿಲೆಯಿಂದ ನಷ್ಟವಾಗುವ ಕೂಲಿಯನ್ನೂ ಚಿಕಿತ್ಸೆಯ ಖರ್ಚನ್ನೂ ಲೆಕ್ಕಹಾಕಿ ನಾಗರಿಕರ ಮುಂದಿಟ್ಟರು. ಒಳಚರಂಡಿ ಬಂತು, 1883ರಲ್ಲಿ ಮಾಂಗ್‌ಫಾಲ್ ಕಣಿವೆಯ ಬುಗ್ಗೆಗಳ ನೀರೂ ಬಂತು, ಊರನ್ನು ಕಾಡುತ್ತಿದ್ದ ಟೈಫಾಯ್ಡ್ ತೀವ್ರವಾಗಿ ಇಳಿಯಿತು.

ಇದಕ್ಕೂ ಹೆಚ್ಚಿನದು ಅವರ ವಿಧಾನ. ಮೂಲತಃ ರಸಾಯನಶಾಸ್ತ್ರಜ್ಞರಾದ ಅವರು ಗಾಳಿ, ನೀರು, ಮಣ್ಣು, ಬಟ್ಟೆ, ಗೋಡೆಗಳನ್ನು ಅಳತೆಗೆ ಒಳಪಡಿಸಿದರು. 1865ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ನೈರ್ಮಲ್ಯ ವಿಜ್ಞಾನದ ಪ್ರಾಧ್ಯಾಪಕರಾದರು. 1879ರಲ್ಲಿ ಅವರಿಗಾಗಿ ತೆರೆದ ಸಂಸ್ಥೆ ಇತರ ದೇಶಗಳಿಗೆ ಮಾದರಿಯಾಯಿತು. ಮುಚ್ಚಿದ ಕೋಣೆಯಲ್ಲಿ ಜನರ ಉಸಿರಿನಿಂದ ಸೇರುವ ಇಂಗಾಲದ ಡೈಆಕ್ಸೈಡನ್ನು ಬೇರಿಯಂ ದ್ರಾವಣದಲ್ಲಿ ಹೀರಿಸಿ ಅಳೆದು, ಅದು ಸಾವಿರದಲ್ಲಿ ಒಂದು ಪಾಲನ್ನು ಮೀರಿದರೆ ಗಾಳಿಯ ಸಂಚಾರ ಸಾಲದೆಂದು ಅವರು 1858ರಲ್ಲೇ ತೀರ್ಮಾನಿಸಿದ್ದರು. ಇಂದು ತರಗತಿ, ಕಚೇರಿಗಳಲ್ಲಿ ಗಾಳಿಯ ಗುಣಮಟ್ಟ ನೋಡುವವರು ಬಳಸುವ ಹತ್ತು ಲಕ್ಷಕ್ಕೆ 1,000 ಎಂಬ ಮಿತಿಯೂ ಅದೇ.