ನಿಮ್ಮ ಲೇಖನ ಈಗಿರುವ ಹಾಗೆ ಅಚ್ಚಿಗೆ ಹೋಗುವುದಿಲ್ಲ

ಪ್ರಿಯ ಲೇಖಕರೇ,

ಬೆಳಗಾವಿಯಿಂದ ನೀವು ಕಳಿಸಿದ ಹನ್ನೆರಡು ಪುಟದ ಲೇಖನವನ್ನು ಸಂಪಾದಕ ಮಂಡಳಿಯಲ್ಲಿ ಇಬ್ಬರು ಓದಿದ್ದೇವೆ. ಈಗಿರುವ ಹಾಗೆ ತಗೊಳ್ಳಲಾಗದು, ಕೈಬಿಡುವ ಬರಹವೂ ಅಲ್ಲ. ಮೊದಲರ್ಧ ಕಂಪ್ಯೂಟರಿನಲ್ಲಿ ಉಕ್ಕು, ಕಾಂಕ್ರೀಟಿನ ಮಾದರಿ ಕಟ್ಟುವ ವಿಷಯ. ಉಳಿದರ್ಧ ವಿಮಾನದಾಳಿ ನಗರಗಳ ನಕ್ಷೆ ಬದಲಿಸಿದ ವಿಷಯ. ಎರಡು ಎತ್ತು ತಂದು ನಿಲ್ಲಿಸಿದ್ದೀರಿ, ನೊಗ ಹೂಡಿಲ್ಲ.

ನೊಗ ನಿಮ್ಮ ಏಳನೆಯ ಪುಟದಲ್ಲೇ ಇದೆ, ಅರ್ಧ ಸಾಲಿನಲ್ಲಿ ದಾಟಿ ಹೋಗಿದ್ದೀರಿ. ರಚನೆಯನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ ಬೆಳೆದದ್ದು ವಿಮಾನದ ರೆಕ್ಕೆಯಿಂದ. 1950ರ ದಶಕದ ಆರಂಭದಲ್ಲಿ ಬೋಯಿಂಗ್ ಕಂಪನಿಯಲ್ಲಿ ಡೆಲ್ಟಾ ರೆಕ್ಕೆ, ಅಂದರೆ ತ್ರಿಕೋನಾಕಾರದ ವಿಮಾನರೆಕ್ಕೆ, ಎಷ್ಟು ಬಾಗುತ್ತದೆ ಎಂಬುದು ಹಳೆಯ ತೊಲೆ ಸೂತ್ರಗಳಿಗೆ ಸಿಗಲಿಲ್ಲ. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ರೆಕ್ಕೆಯ ತಗಡನ್ನು ತ್ರಿಕೋನಗಳಾಗಿ ಒಡೆದು ಲೆಕ್ಕ ಹಾಕಿದರು. ಅವರ ಪ್ರಬಂಧ ಬಂದದ್ದು 1956ರಲ್ಲಿ. ಇವತ್ತು ಬೆಳಗಾವಿಯ ಸ್ಟ್ರಕ್ಚರಲ್ ಎಂಜಿನಿಯರು ಅಪಾರ್ಟ್‌ಮೆಂಟಿಗೆ ಬಳಸುವ ಸಾಫ್ಟ್‌ವೇರ್ ಅದೇ ವಂಶದ್ದು. ಲೇಖನ ಇಲ್ಲಿಂದ ಶುರುವಾಗಲಿ.

'ಇಡೀ ಕಟ್ಟಡವನ್ನು ಕಂಪ್ಯೂಟರ್ ಪರಮಾಣು ಮಟ್ಟದಲ್ಲಿ ಪರೀಕ್ಷಿಸುತ್ತದೆ' ಎಂಬ ಸಾಲನ್ನು ಹೊಡೆದುಹಾಕಿ. ಒಂದು ಘನ ಸೆಂಟಿಮೀಟರ್ ಕಬ್ಬಿಣದಲ್ಲಿರುವ ಪರಮಾಣುಗಳೇ 85ರ ಮುಂದೆ 21 ಸೊನ್ನೆ ಬರೆದಷ್ಟು. ಪರಮಾಣುಗಳ ಓಡಾಟದ ಲೆಕ್ಕದಲ್ಲಿ ಒಂದೊಂದು ಹೆಜ್ಜೆ ಸುಮಾರು ಒಂದು ಫೆಮ್ಟೊಸೆಕೆಂಡಿನದು. 10 ಲಕ್ಷ ಹೆಜ್ಜೆ ಮುಗಿದರೂ ದಾಟಿದ್ದು ಒಂದೇ ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಹೈದರಾಬಾದಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಅನೀಸುರ್ ರಹಮಾನ್ 1964ರಲ್ಲಿ ದ್ರವ ಆರ್ಗಾನಿನ ಲೆಕ್ಕ ಮಾಡಿದ್ದು 864 ಪರಮಾಣುಗಳ ಮೇಲೆ. ಆ ಮಟ್ಟದ ಲೆಕ್ಕ ವಸ್ತುವಿನ ಗುಣ ತಿಳಿಯಲಿಕ್ಕೆ, ಕಂಬದ ಬಲ ತಿಳಿಯಲಿಕ್ಕಲ್ಲ.

ಇನ್ನು ನಿಮ್ಮ ಬಣ್ಣದ ಚಿತ್ರ. ಒತ್ತಡ ಹೆಚ್ಚೆಂದು ಕಿಟಕಿಯ ಮೂಲೆ ಕೆಂಪಾಗಿದೆ, 'ಗೋಡೆ ಇಲ್ಲೇ ಒಡೆಯುತ್ತದೆ' ಎಂದು ಕೆಳಗೆ ಬರೆದಿದ್ದೀರಿ. ತುಂಡುಗಳ ಅಳತೆ ಎಷ್ಟು? ಅದನ್ನು ಅರ್ಧ ಮಾಡಿ ಮತ್ತೆ ಲೆಕ್ಕ ಹಾಕಿ ನೋಡಿ: ಮೂಲೆಯ ಒತ್ತಡ ಏರುತ್ತದೆ. ಇನ್ನೂ ಅರ್ಧ ಮಾಡಿ, ಇನ್ನೂ ಏರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಸರಳ ಸ್ಥಿತಿಸ್ಥಾಪಕ ಮಾದರಿಯಲ್ಲಿ (ವಸ್ತು ಬಿರುಕು ಬಿಡುವುದಿಲ್ಲ, ಹೊರೆ ತೆಗೆದರೆ ಮೊದಲಿನಂತಾಗುತ್ತದೆ ಎಂದು ಇಟ್ಟುಕೊಂಡ ಲೆಕ್ಕ) ಒಳಮುಖದ ಚೂಪು ಮೂಲೆಗೆ ಸ್ಥಿರವಾದ ಉತ್ತರವೇ ಇಲ್ಲ. ಕೆಂಪು ಬಣ್ಣ ಮೂಲೆಯ ಆಕಾರದ್ದು, ಕಾಂಕ್ರೀಟಿನದಲ್ಲ. ಮೂಲೆಗೆ ನಿಜವಾದ ದುಂಡು ಕೊಡಿ. ಇಲ್ಲವೇ ಬಿರುಕು ಬೆಳೆಯಲು ಬೇಕಾದ ಶಕ್ತಿಯನ್ನು, ಅಂದರೆ ಸಾಮಾನ್ಯ ಕಾಂಕ್ರೀಟಿಗೆ ಚದರ ಮೀಟರಿಗೆ ಸುಮಾರು 100 ಜೂಲ್, ಮಾದರಿಗೆ ಸೇರಿಸಿ. ಎರಡು ಅಳತೆಯ ಜಾಲರಿಯಲ್ಲಿ, ಅಂದರೆ ತುಂಡುಗಳ ಬಲೆಯಲ್ಲಿ, ಉತ್ತರ ಹತ್ತಿರ ಹತ್ತಿರ ಬಂದರೆ ಮಾತ್ರ ಆ ಚಿತ್ರ ಅಚ್ಚು ಹಾಕುತ್ತೇವೆ.

'ಬೆಂಕಿಗೆ ಉಕ್ಕಿನ ತೊಲೆಗಳು ಕರಗಿ ಹರಿದವು' ಎಂಬುದೂ ತಪ್ಪು. ಉಕ್ಕು ಕರಗಲು 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾವು ಬೇಕು. ಆದರೆ 600 ಡಿಗ್ರಿಗೇ ಅದರ ಅರ್ಧಕ್ಕಿಂತ ಹೆಚ್ಚು ಬಲ ಹೋಗಿರುತ್ತದೆ, ಬಿಗಿತ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ತೊಲೆ ಜೋತುಬಿದ್ದು ಕಟ್ಟಡ ಕುಸಿಯುತ್ತದೆ.

ಎರಡನೆಯ ಅರ್ಧದ ಜೀವ ಇರುವುದು ಜಪಾನಿನ ಬೆಂಕಿತಡೆ ಓಣಿಗಳಲ್ಲಿ. ಅದಕ್ಕೆ ನೀವು ಕೊಟ್ಟದ್ದು ನಾಲ್ಕೇ ಸಾಲು. ಎರಡು ಪುಟ ಕೊಡಿ. ಬೆಂಕಿ ಹಬ್ಬದಿರಲೆಂದು ಮರದ ಮನೆಗಳನ್ನು ಸಾಲು ಸಾಲಾಗಿ ಕೆಡವಿ ಬಯಲು ಮಾಡಿದರು. 1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಶಿಮಾದಲ್ಲಿ ಸಾವಿರಾರು ಶಾಲಾ ಮಕ್ಕಳು ಇದೇ ಕೆಲಸದಲ್ಲಿದ್ದರು. ಹಾಗೆ ತೆರವಾದ ಪಟ್ಟಿಯೇ ಇಂದಿನ 100 ಮೀಟರ್ ಅಗಲದ ಶಾಂತಿ ಬುಲೆವಾರ್ಡ್. ಕ್ಯೋಟೊ ನಗರದ ಒಯಿಕೆ, ಗೊಜೊ ರಸ್ತೆಗಳು ಅಗಲವಾದದ್ದೂ ಹೀಗೆ ಮನೆ ಕೆಡವಿದ್ದರಿಂದಲೇ. ಬಯಲು ಬಿಟ್ಟರೂ ಬೆಂಕಿ ಏಕೆ ನಿಲ್ಲಲಿಲ್ಲ ಎಂಬುದನ್ನೂ ಹೇಳಿ. ಬಯಲು ತಡೆಯುವುದು ಒಂದು ಬದಿಯಿಂದ ಬರುವ ಬೆಂಕಿಯ ಕಾವನ್ನು. 1945ರ ಮಾರ್ಚ್ 9–10ರ ರಾತ್ರಿ ಟೋಕಿಯೊದಲ್ಲಿ ಬೆಂಕಿಬಾಂಬುಗಳು ಬಯಲಿನ ಎರಡೂ ಬದಿಗೆ ಬಿದ್ದವು, ಬಿರುಗಾಳಿ ಕೆಂಡವನ್ನು ಹೊತ್ತು ದಾಟಿಸಿತು. ಸುಮಾರು 41 ಚದರ ಕಿಲೋಮೀಟರ್ ಸುಟ್ಟುಹೋಯಿತು, ಸತ್ತವರು ಒಂದು ಲಕ್ಷದ ಆಸುಪಾಸು. ಇಷ್ಟು ಜನ ಸತ್ತ ರಾತ್ರಿಯನ್ನು 'ಭೀಕರ' ಎಂಬ ಒಂದು ಪದದಲ್ಲಿ ಮುಗಿಸಬೇಡಿ.

ಅಮೆರಿಕದ ಹೆದ್ದಾರಿಯಲ್ಲಿ ಐದು ಮೈಲಿಗೊಂದು ಮೈಲಿ ವಿಮಾನ ಇಳಿಯಲೆಂದು ನೆಟ್ಟಗೆ ಇರಬೇಕೆಂದು ನೀವು ಬರೆದದ್ದು ಬರೀ ವದಂತಿ. 1956ರ ಹೆದ್ದಾರಿ ಕಾಯ್ದೆಯಲ್ಲಿ ಅಂಥ ಷರತ್ತಿಲ್ಲ. ಸೇತುವೆ ಕೆಳಗಿನ ಎತ್ತರ 14 ಅಡಿಯಿಂದ 16 ಅಡಿಗೆ ಏರಿದ್ದು ಮಾತ್ರ ಸೇನೆಯ ಒತ್ತಾಯದಿಂದ, ಅದನ್ನು ಬರೆಯಿರಿ. ಹಾಗೆಯೇ ಲಂಡನ್ನಿನ ಹಸಿರು ಪಟ್ಟಿಯನ್ನು, ಅಂದರೆ ಊರ ಸುತ್ತ ಕಟ್ಟಡ ಕಟ್ಟದೆ ಉಳಿಸಿದ ಬಯಲನ್ನು, ಬಾಂಬಿನ ಲೆಕ್ಕಕ್ಕೆ ಹಾಕಬೇಡಿ. ಅದರ ಕಾಯ್ದೆ 1938ರದು, ಬಾಂಬುಗಳ ಮಳೆ ಶುರುವಾದದ್ದು 1940ರ ಸೆಪ್ಟೆಂಬರಿನಲ್ಲಿ. 'ಯುದ್ಧದಿಂದಾಗಿ' ಎಂದು ಬರೆದ ಪ್ರತಿ ಕಡೆಯೂ ಯೋಜನೆಯ ತಾರೀಖು ಮೊದಲೋ ದಾಳಿಯ ತಾರೀಖು ಮೊದಲೋ ನೋಡಿ.

ನಮಗೆ ಬೇಸರವಾದದ್ದು ಒಂದೇ: ಬೆಳಗಾವಿಯಲ್ಲಿದ್ದುಕೊಂಡು ಸಾಂಬ್ರಾದ ಹೆಸರೆತ್ತಿಲ್ಲ. ಆ ವಿಮಾನ ನಿಲ್ದಾಣ 1942ರಲ್ಲಿ ಬ್ರಿಟಿಷ್ ವಾಯುಪಡೆ ಯುದ್ಧಕ್ಕಾಗಿ ಕಟ್ಟಿದ್ದು. ದೊಡ್ಡ ರನ್‌ವೇ ಸುತ್ತ 4 ಕಿಲೋಮೀಟರ್ ತನಕ, ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ, ಕಟ್ಟಡಗಳು ದಾಟಬಾರದ ಒಂದು ಕಾಣದ ಚಾವಣಿ ಇರುತ್ತದೆ. ರನ್‌ವೇ ಪಕ್ಕದಲ್ಲಿ ಈ ಮಿತಿ ಇನ್ನೂ ಕೆಳಗೆ, ಏಳು ಮೀಟರ್ ದೂರಕ್ಕೆ ಒಂದು ಮೀಟರಿನ ಇಳಿಜಾರಿನಲ್ಲಿ. ಸಾಂಬ್ರಾದ ಎತ್ತರ ಮಿತಿಯ ಬಣ್ಣದ ನಕ್ಷೆ ನೋಡಿ, ಊರಿನ ಯಾವ ಬಡಾವಣೆಗಳು ಅದರೊಳಗೆ ಬರುತ್ತವೆ ಎಂದು ಗುರುತು ಹಾಕಿಕೊಳ್ಳಿ.

ಒಟ್ಟು 1,800 ಪದ ಮೀರದಿರಲಿ. ಜಾಲರಿಯ ಎರಡೂ ಲೆಕ್ಕ, ಸಾಂಬ್ರಾದ ನಕ್ಷೆ ಜೊತೆಗಿರಲಿ. ತಿದ್ದಿದ ಪ್ರತಿ ಬಂದ ಮೇಲೆ ನಾವಿಬ್ಬರೇ ಮತ್ತೆ ಓದುತ್ತೇವೆ.

— ಸಂಪಾದಕರು, ವಿಜಯಪುರ