ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಸೋತ ತಂಡವೂ ಕಪ್ ಗೆಲ್ಲುವುದು ಹೇಗೆ?

ನಾಕೌಟ್ ಹಂತದಲ್ಲಿ ಎರಡು ಸಲ ಸೋತರಷ್ಟೇ ಮನೆಗೆ. ಅದಕ್ಕೇ ಸಾಧ್ಯ.

ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಒಂದನೇ ಡಿವಿಷನ್‌ನ, ಅಂದರೆ ಮೇಲಿನ ದರ್ಜೆಯ, ಆಟ ಫೆಬ್ರವರಿ ಮಧ್ಯದಲ್ಲಿ ಶುರು. ಒಂದು ತಂಡಕ್ಕೆ ಹೆಚ್ಚೆಂದರೆ 56 ಪಂದ್ಯ; ಸಾಮಾನ್ಯವಾಗಿ ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿಯ ಜೊತೆ ಮೂರು, ವಾರದ ನಡುವೆ ಒಂದೋ ಎರಡೋ. ಮೇ ಕೊನೆಗೆ 64 ತಂಡಗಳ ಆಯ್ಕೆ: ಕಾನ್ಫರೆನ್ಸ್ (ಕಾಲೇಜುಗಳ ಗುಂಪು) ಚಾಂಪಿಯನ್ನರಿಗೆ ನೇರ ಪ್ರವೇಶ, ಉಳಿದವರನ್ನು ಸಮಿತಿ ಆರಿಸುತ್ತದೆ.

ಮೊದಲು 16 ಊರುಗಳಲ್ಲಿ ನಾಲ್ಕು ನಾಲ್ಕು ತಂಡಗಳ ‘ರೀಜನಲ್’. ಇಲ್ಲಿ ಮೊದಲ ಪಂದ್ಯವನ್ನೇ ಸೋತರೆ ಮುಂದಿನ ನಾಲ್ಕನ್ನೂ ಗೆಲ್ಲಬೇಕು, ಅಂದರೆ ನಾಲ್ಕೇ ದಿನದಲ್ಲಿ ಐದು ಪಂದ್ಯ. ತಂಡಗಳು ಎಡವುವುದು ಇಲ್ಲೇ. ಶುಕ್ರವಾರ ನೂರು ಚೆಂಡು ಎಸೆದ ಪಿಚರ್‌ನ ತೋಳು ಭಾನುವಾರಕ್ಕೆ ಚೇತರಿಸಿಕೊಂಡಿರುವುದಿಲ್ಲ. ಬಲವಂತದಿಂದ ಇಳಿಸಿದರೆ ವೇಗ, ಹಿಡಿತ ಎರಡೂ ಹೋಗುತ್ತವೆ, ಮೊಣಕೈಗೂ ಅಪಾಯ. ಹಾಗಾಗಿ ಒಬ್ಬ ಸ್ಟಾರ್‌ಗಿಂತ ನಾಲ್ಕೈದು ನಂಬಿಕಸ್ತ ಪಿಚರ್‌ಗಳಿರುವ ತಂಡವೇ ನನ್ನ ಲೆಕ್ಕದಲ್ಲಿ ಮೇಲು.

ಗೆದ್ದ 16 ತಂಡಗಳು ಮೂರು ಪಂದ್ಯಗಳ ‘ಸೂಪರ್ ರೀಜನಲ್’ ಆಡುತ್ತವೆ. ಅದರಲ್ಲಿ ಗೆದ್ದ ಎಂಟು ನೆಬ್ರಾಸ್ಕಾದ ಒಮಾಹಾಗೆ. 1950ರಿಂದಲೂ ಈ ಕೊನೆಯ ಹಂತದ, ಅಂದರೆ ಕಾಲೇಜ್ ವರ್ಲ್ಡ್ ಸೀರೀಸ್‌ನ, ಮನೆ ಅದೇ. ಅಲ್ಲೂ ಎರಡು ಸೋಲಿನ ನಿಯಮ, ಫೈನಲ್ ಮಾತ್ರ ಮೂರರಲ್ಲಿ ಎರಡು ಗೆದ್ದವರಿಗೆ.

2023ರ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ನೋಡಿ. ವೇಕ್ ಫಾರೆಸ್ಟ್‌ಗೆ ಸೋತು, ಅದೇ ತಂಡವನ್ನು ಎರಡು ಸಲ ಸೋಲಿಸಿತು. ಎರಡನೆಯದರಲ್ಲಿ ಎಲ್‌ಎಸ್‌ಯು ಪಿಚರ್ ಪಾಲ್ ಸ್ಕೀನ್ಸ್ ಎಂಟು ಇನ್ನಿಂಗ್ಸ್‌ ರನ್ ಕೊಡಲಿಲ್ಲ. 11ನೇ ಇನ್ನಿಂಗ್ಸ್‌ನಲ್ಲಿ ಅದೇ ತಂಡದ ಟಾಮಿ ವೈಟ್‌ನ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ), 2-0. ಸ್ಕೀನ್ಸ್ ಫೈನಲ್‌ನಲ್ಲಿ ಪಿಚ್ ಮಾಡಲೇ ಇಲ್ಲ, ಆದರೂ ಫ್ಲೋರಿಡಾ ವಿರುದ್ಧ ಕಪ್ ಎಲ್‌ಎಸ್‌ಯು ಪಾಲಾಯಿತು.